ಮುಂದೆ ಕೂತಿದ್ದವಳು

ಹೆಬ್ಬಾಳ ಕೆರೆ ದಾಟಿ, ಬಳ್ಳಾರಿ ರಸ್ತೆ ಬಿಟ್ಟು ಕೆಂಪಾಪುರದ ಕಡೆ ತಿರುಗಿದರೆ, ಎಂಬತ್ತರ ದಶಕದ ನಡುವಿನಲ್ಲಿ ಎರಡೂ ಬದಿಗೆ ದ್ರಾಕ್ಷಿ ಚಪ್ಪರಗಳೇ ಕಾಣುತ್ತಿದ್ದವು. ಮೈಲುತುತ್ತದ ಔಷಧಿ ಹೊಡೆದು ಹೊಡೆದು ಎಲೆ, ಬಳ್ಳಿ, ಕಲ್ಲುಕಂಬ ಎಲ್ಲ ನೀಲಿಗಟ್ಟಿರುತ್ತಿದ್ದವು. ಆ ನೀಲಿಯ ನಡುವೆ ಹೆಂಚಿನದೊಂದು ಹಳೆಯ ಬಂಗಲೆ. ಶಿವಾಜಿನಗರದ ಚರ್ಮದ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಅದನ್ನು ಹೆಣ್ಣುಮಕ್ಕಳ ಮದರಸಾಕ್ಕೆ ಬಿಟ್ಟುಕೊಟ್ಟಿದ್ದರು. ಶಿಡ್ಲಘಟ್ಟ, ದೇವನಹಳ್ಳಿ, ಗೌರಿಬಿದನೂರಿನ ಕಡೆಯ ಹುಡುಗಿಯರು ಅಲ್ಲೇ ಉಳಿದು, ಅಲ್ಲೇ ಉಂಡು, ಕುರಾನ್ ಬಾಯಿಪಾಠ ಮಾಡುತ್ತಿದ್ದರು. ಮನೆಯ ದಖ್ಖನಿ ಉರ್ದು, ಊರಿನ ಕನ್ನಡ ಎರಡೂ ಕಲೆತ ಮಾತು ಅಲ್ಲಿನದು. ಸುತ್ತಲಿನವರು ಅದನ್ನು ದ್ರಾಕ್ಷಿತೋಟದ ಮದರಸಾ ಎಂದೇ ಕರೆಯುತ್ತಿದ್ದರು.

ಮಲ್ಕಾ ಅಲ್ಲಿಗೆ ಬಂದದ್ದು ಅಮ್ಮ ತೀರಿಕೊಂಡ ವರ್ಷ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಅಬ್ಬಾ ತಾಜುದ್ದೀನ್, ಒಂದು ಟ್ರಂಕನ್ನೂ ಮಗಳನ್ನೂ ಗೇಟಿನೊಳಗೆ ಬಿಟ್ಟು, ತಿರುಗಿ ನೋಡದೆ ಹೋಗಿದ್ದರು. ತಿರುಗಿ ನೋಡಿದ್ದರೆ ಅವರಿಗೇ ಹೋಗಲು ಆಗುತ್ತಿರಲಿಲ್ಲ. ಅವತ್ತೂ ಮಲ್ಕಾ ಅಳಲಿಲ್ಲ. ಆಮೇಲೂ ಅವಳು ಅತ್ತದ್ದನ್ನು ಯಾರೂ ಕಾಣಲಿಲ್ಲ. "ಕಲ್ಲಿನಂಥ ಹುಡುಗಿ," ಎಂದು ಸಬೀರಾ ಆಪಾ ಮೆಚ್ಚಿಕೊಳ್ಳುತ್ತಿದ್ದರು. ಸಬೀರಾ ಆಪಾ ಆ ಮದರಸಾದ ಹಿರಿಯ ಗುರು. ಗಂಡ ಸತ್ತ ಮೇಲೆ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಯಾಕೆ ಎಂದು ಕೇಳಿದವರಿಗೆಲ್ಲ ಒಬ್ಬರೇ ನಿಂತು ಉತ್ತರ ಕೊಟ್ಟು, ಆ ಜಾಗವನ್ನು ಕಟ್ಟಿದವರು.

ಹದಿನೇಳು ತುಂಬುವಾಗ ಮಲ್ಕಾಳನ್ನು ಅವರು ಜಿಮ್ಮೇದಾರ್ ಮಾಡಿದರು. ಜಿಮ್ಮೇದಾರ್ ಎಂದರೆ ಹುಡುಗಿಯರ ಮೇಲೊಬ್ಬಳು ಹುಡುಗಿ. ಬೆಳಗಿನ ನಮಾಜಿಗೆ ಎಬ್ಬಿಸುವವಳು ಅವಳು, ಹೇನು ತೆಗೆಯುವವಳು ಅವಳು, ಜಗಳ ಬಿಡಿಸುವವಳು, ಜ್ವರ ಬಂದವರ ಹಣೆಗೆ ಒದ್ದೆಬಟ್ಟೆ ಹಾಕುವವಳು, ಹಾಸಿಗೆ ಒದ್ದೆ ಮಾಡಿಕೊಂಡವಳ ಚಾದರವನ್ನು ಯಾರೂ ಏಳುವ ಮೊದಲೇ ಹಿಂಡಿ ಒಣಹಾಕುವವಳೂ ಅವಳೇ. ಮಲಗುವ ಮುನ್ನ ಚಾಪೆಯಿಂದ ಚಾಪೆಗೆ ಹೋಗಿ ಒಬ್ಬೊಬ್ಬಳ ಹೆಸರು ಹಿಡಿದು ಮಾತಾಡಿಸಿ ಹೊದಿಸಿ ಬರಬೇಕು. ಜಿಮ್ಮೇದಾರ್‌ಗೆ ಹೊದಿಸುವವರು ಯಾರೂ ಇರುವುದಿಲ್ಲ.

ಅವಳಿಗೆ ಮುಂಚೆ ಈ ಕೆಲಸ ಖಮರುನ್ನಿಸಾಳದು. ಮಲ್ಕಾಗಿಂತ ಸ್ವಲ್ಪ ದೊಡ್ಡವಳು, ಎಲ್ಲರಿಗೂ ಖಮರ್ ಬಾಜಿ, ಅಂದರೆ ಅಕ್ಕ. ಒಂದು ಬೆಳಿಗ್ಗೆ ಪಾಠ ನಡೆಯುತ್ತಿರುವಾಗಲೇ ಅವಳ ಅಬ್ಬಾ ಆಟೋ ತಂದು ಕರೆದುಕೊಂಡು ಹೋದರು. ಕಾಮಾಲೆ ಎಂದರು. ಹಾಸಿಗೆ ಸುತ್ತಿ ಹೋಯಿತು, ಟ್ರಂಕು ಹೋಯಿತು. ಯಾರಿಗೂ ಒಂದು ಸಲಾಮ್ ಹೇಳುವಷ್ಟೂ ಹೊತ್ತು ಅವಳಿಗೆ ಸಿಗಲಿಲ್ಲ. ಮಾರನೆಯ ದಿನ ಆಪಾ ಮಲ್ಕಾಳನ್ನು ಕರೆದು, "ಇನ್ನು ನೀನು ನೋಡ್ಕೋ," ಎಂದರು. ಅಷ್ಟೇ.

ಆ ಚಳಿಗಾಲದಲ್ಲಿ ಮೊದಲು ಹಾಗಾದದ್ದು ಜೈನಾಬ್‌ಗೆ. ಶಿಡ್ಲಘಟ್ಟದಿಂದ ಹೊಸದಾಗಿ ಬಂದ ಪುಟ್ಟ ಹುಡುಗಿ. ಕರೆದರೆ ಒಮ್ಮೊಮ್ಮೆ ತಿರುಗುತ್ತಿರಲಿಲ್ಲ. ಹಟಮಾರಿ ಎಂದು ಆಪಾ ಗದರಿದ್ದೂ ಉಂಟು.

ಬಾಯಿಪಾಠ ಮಾಡುವ ಮಕ್ಕಳು ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ. ಅದನ್ನು ಯಾರೂ ಕಲಿಸುವುದಿಲ್ಲ, ಓದಿನ ಜೊತೆ ತಾನಾಗಿ ಮೈಗೆ ಹತ್ತುತ್ತದೆ. ಆ ದಿನ ಇಳಿಹೊತ್ತಿಗೆ, ಅಸರ್ ನಮಾಜಿನ ವೇಳೆಯಾಯಿತೆಂದು ಆಪಾ ಮೇಜು ತಟ್ಟಿದರು. ಓದುವ ದನಿಗಳು ನಿಂತವು. ಮಕ್ಕಳು ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ಕೈಕಾಲು ತೊಳೆಯಲು ಎದ್ದರು. ಜೈನಾಬ್ ಮಾತ್ರ ಏಳಲಿಲ್ಲ. ಖಾಲಿಯಾದ ಪಾಠದ ಹಾಲ್‌ನ ನಡುವೆ ಅವಳು ತೂಗುತ್ತಲೇ ಇದ್ದಳು. ಕಣ್ಣು ತೆರೆದಿತ್ತು. ತುಟಿ ಆಡುತ್ತಿತ್ತು. ದನಿ ಇರಲಿಲ್ಲ.

"ಜೈನಾಬ್, ಸಾಕು ಏಳು," ಎಂದು ಮಲ್ಕಾ ಅವಳ ಹೆಗಲು ಹಿಡಿದಳು. ಹೆಗಲು ಬೆಚ್ಚಗಿತ್ತು, ಹಗುರಾಗಿತ್ತು. ಆದರೆ ತಡೆಯಲು ಆಗಲಿಲ್ಲ. ಮಲ್ಕಾಳ ಕೈಯೇ ಅದರ ಜೊತೆ ಹಿಂದಕ್ಕೂ ಮುಂದಕ್ಕೂ ಹೋಯಿತು.

ಹೊತ್ತು ಮುಳುಗಿ, ದೂರದ ಮಸೀದಿಯಿಂದ ಮಗ್ರಿಬ್‌ನ ಕೂಗು ಕೇಳಿದಾಗ ಜೈನಾಬ್ ಥಟ್ಟನೆ ನಿಂತು, ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿದಳು.

"ಯಾಕಮ್ಮಾ, ಏನಾಯ್ತು?"

"ಮುಂದೆ ಕೂತಿದ್ದವಳು ನಿಲ್ಲಿಸ್ಲಿಲ್ಲ ಬಾಜಿ," ಎಂದಳು ಜೈನಾಬ್. "ಅದಕ್ಕೆ ನಾನೂ ನಿಲ್ಲಿಸ್ಲಿಲ್ಲ."

ಅವಳ ಮುಂದೆ ಕೂರುತ್ತಿದ್ದವಳು ಎಲ್ಲರಿಗಿಂತ ಮೊದಲು ಎದ್ದು ಹೋಗಿದ್ದಳು. ಅದನ್ನು ಮಲ್ಕಾ ಕಣ್ಣಾರೆ ಕಂಡಿದ್ದಳು.

ಮರುದಿನ ಜೈನಾಬ್ ಜೊತೆ ಇನ್ನೊಬ್ಬಳು. ಅದರ ಮರುದಿನ ಮತ್ತಿಬ್ಬರು. ವಾರ ಕಳೆಯುವುದರಲ್ಲಿ ಅರ್ಧ ಹಾಲ್ ಅಸರ್‌ನಿಂದ ಮಗ್ರಿಬ್‌ವರೆಗೆ ಸದ್ದಿಲ್ಲದೆ ತೂಗುತ್ತಿತ್ತು. ಓದುವಾಗ ಒಬ್ಬೊಬ್ಬರದು ಒಂದೊಂದು ಲಯ. ಒಬ್ಬಳು ಬೇಗ, ಒಬ್ಬಳು ನಿಧಾನ. ಈಗ ಎಲ್ಲರದೂ ಒಂದೇ. ಚಾಪೆಗಳೆಲ್ಲ ಒಟ್ಟಿಗೆ ಸರಕ್ ಎನ್ನುವುದು, ಒಟ್ಟಿಗೆ ಸುಮ್ಮನಾಗುವುದು. ಒಂದು ದಿನ ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನವೊಂದು ತೀರಾ ತಗ್ಗಿನಲ್ಲಿ ಹಾದು ಹೋಗಿ ಹೆಂಚುಗಳು ಅದುರಿದವು. ಒಬ್ಬಳೂ ಕಣ್ಣೆತ್ತಲಿಲ್ಲ.

ಎಚ್ಚರವಾದ ಮೇಲೆ ಎಲ್ಲರೂ ಹೇಳಿದ್ದು ಒಂದೇ: ಮುಂದೆ ಕೂತಿದ್ದವಳು ನಿಲ್ಲಿಸಲಿಲ್ಲ. ಮೊದಲ ಸಾಲಿನ ಶಮೀಮಾಳೂ ಅದನ್ನೇ ಹೇಳಿದಳು. ಅವಳ ಮುಂದೆ ಇದ್ದದ್ದು ಸುಣ್ಣ ಬಳಿದ ಗೋಡೆ.

"ಹೇಗಿದ್ಲು ಅವಳು?" ಎಂದು ಮಲ್ಕಾ ಕೇಳಿದಳು.

"ಬೆನ್ನು ಮಾತ್ರ ಕಾಣುತ್ತೆ ಬಾಜಿ," ಎಂದಳು ಶಮೀಮಾ. "ತುಂಬಾ ಸುಸ್ತಾಗಿರೋ ಹಾಗಿದ್ದಾಳೆ."

ಆರ್.ಟಿ. ನಗರದಿಂದ ಒಬ್ಬ ಡಾಕ್ಟರಮ್ಮ ಬಂದು, ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಖಾಲಿಯಾಯಿತು, ತೂಗಾಟ ಹೋಗಲಿಲ್ಲ. ಆಮೇಲೆ ಮಂತ್ರಿಸಿದ ನೀರು ಕೊಡುವುದರಲ್ಲಿ ಹೆಸರಾಗಿದ್ದ ವಯಸ್ಸಾದ ಹಜರತ್ ಒಬ್ಬರು ಬಂದರು. ಪರದೆಯ ಆಚೆ ಕೂತು ಬಹಳ ಹೊತ್ತು ಓದಿದರು, ನೀರಿಗೆ ಊದಿದರು. ಒಳಗಿನ ಚಾಪೆಗಳ ಸದ್ದು ಕೇಳುತ್ತಾ ಕೇಳುತ್ತಾ ಅವರ ಓದು ನಿಧಾನವಾಯಿತು. ಕೊನೆಗೆ ತಂದಿಟ್ಟ ಚಹಾ ಮುಟ್ಟದೆ ಎದ್ದುಬಿಟ್ಟರು.

"ಜಿನ್ ಹಿಡಿದ ಮಕ್ಕಳನ್ನ ನಾನು ನೋಡಿದ್ದೀನಿ," ಎಂದರು. "ಅವು ಹೆದರಿರ್ತಾವೆ. ಇವು ಹೆದರಿಲ್ಲ. ಇವು ಏನೋ ಕೆಲಸದಲ್ಲಿವೆ."

ಸುದ್ದಿ ಹೊರಗೆ ಹೋಗಬಾರದೆಂದು ಆಪಾ ಗೇಟಿಗೆ ಒಳಗಿನಿಂದ ಬೀಗ ಹಾಕಿಸಿದರು. ಬೀಗಕ್ಕೆ ಸುದ್ದಿ ನಿಲ್ಲುತ್ತದೆಯೇ? ಪಕ್ಕದ ತೋಟದ ಮುನಿಗಂಗಮ್ಮ ಒಂದು ದಿನ ಗೋಡೆಯ ಮೇಲೆ ಮುಖವಿಟ್ಟು ಮಲ್ಕಾಳನ್ನು ಕರೆದಳು. ಅವಳ ಸೀರೆಯ ಅಂಚೂ ಮೈಲುತುತ್ತದ ನೀಲಿ.

"ಅಮ್ಮಯ್ಯ, ನಿಮ್ಮಲ್ಲೇನಾಗ್ತೈತೆ? ಒತ್ತು ಇಳಿಯೋ ಟೇಮ್ನಾಗೆ ನಮ್ ಬಳ್ಳಿ ಎಲ್ಲ ತೂಗ್ತಾವೆ."

"ಗಾಳಿ ಇರ್ಬೇಕು ಅಜ್ಜಿ."

"ಗಾಳಿ ಒಂಚೂರಿಲ್ಲ ಕಣವ್ವಾ. ನಾನೇನು ಕಣ್ಣು ಕಾಣ್ದೋಳಾ? ಇಂಗೆ... ಇಂಗೆ..." ಎಂದು ಮುನಿಗಂಗಮ್ಮ ತನ್ನ ಮೈಯನ್ನೇ ಹಿಂದೆ ಮುಂದೆ ಮಾಡಿ ತೋರಿಸಿದಳು. ಅದೇ ಲಯ. "ಆ ಒತ್ನಲ್ಲಿ ಈ ಕಡೀಕೆ ನಾನ್ ಬರಾಕಿಲ್ಲಪ್ಪಾ," ಎಂದು ಮುದುಕಿ ಇಳಿದು ಹೋದಳು.

ಇಷ್ಟರಲ್ಲಿ ಮಲ್ಕಾಗೆ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಜಿಮ್ಮೇದಾರ್ ಆದ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊಟ ನಾಲಿಗೆಗೆ ರುಚಿಸುತ್ತಿರಲಿಲ್ಲ. ತಾನು ಹೆಸರು ಮರೆತ ಒಬ್ಬ ಹುಡುಗಿ ಎಲ್ಲೋ ಹೊದಿಕೆಯಿಲ್ಲದೆ ಮಲಗಿದ್ದಾಳೆ ಎಂದು ಎದೆ ಹಾರುತ್ತಿತ್ತು. ಎದ್ದು ನೋಡಿದರೆ ಎಲ್ಲರೂ ಇರುತ್ತಿದ್ದರು. ಇದನ್ನು ಯಾರಿಗೆ ಹೇಳುವುದು? ಚಿಕ್ಕವರು ಅವಳಿಗೆ ಹೇಳಿಕೊಳ್ಳುತ್ತಿದ್ದರು. ಅವಳು ಹೇಳಿಕೊಳ್ಳಲು ಮೇಲೆ ಆಪಾ ಇದ್ದರು, ಆಪಾಗೆ ಅವಳು ಕಲ್ಲಾಗಿರಬೇಕಿತ್ತು.

ತೂಗುವ ಮಕ್ಕಳ ನಡುವೆ ಓಡಾಡುವಾಗ ಅವಳಿಗೆ ಹೆದರಿಕೆಗಿಂತ ಬೇರೆಯೇ ಒಂದು ಆಸೆ ಹುಟ್ಟುತ್ತಿತ್ತು. ಆ ಮುಖಗಳು ಎಷ್ಟು ಸಮಾಧಾನವಾಗಿದ್ದವು! ತಾನೂ ಒಂದು ಚಾಪೆಯ ಮೇಲೆ ಕೂತು, ಆ ಲಯಕ್ಕೆ ಬೆನ್ನು ಕೊಟ್ಟುಬಿಟ್ಟರೆ? ಮಂಡಿ ತಾನಾಗಿ ಬಾಗುತ್ತಿತ್ತು. ಆಗ ಅವಳು ತುಟಿ ಕಚ್ಚಿಕೊಂಡು ಹೊರಗೆ ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಒಂದು ಸಂಜೆ ಜೈನಾಬ್‌ಳ ಬಾಯಿಂದ ಎಂಜಲು ಇಳಿಯುತ್ತಿತ್ತು. ಮಲ್ಕಾ ತನ್ನ ಓಢಣಿಯ ತುದಿಯಿಂದ ಒರೆಸಲು ಬಗ್ಗಿದಳು. ಕಿವಿ ಆ ಪುಟ್ಟ ತುಟಿಗಳ ಹತ್ತಿರ ಬಂತು. ದನಿ ಇಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದು ತಪ್ಪು. ಉಸಿರಿನಷ್ಟೇ ಸಣ್ಣ ದನಿ ಇತ್ತು. ಕುರಾನಿನ ಆಯತ್ ಇರಬೇಕೆಂದು ಮಲ್ಕಾ ಕಿವಿಗೊಟ್ಟಳು. ಆಯತ್ ಅಲ್ಲ.

"...ಶಮೀಮಾ, ಹೊದ್ಕೊಂಡ್ಯಾ ಮೈನಾ? ಬಿಲ್ಕಿಸ್, ಅಮ್ಮ ನೆನಪಾದ್ರಾ ಮೈನಾ? ಜೈನಾಬ್, ಇನ್ನೂ ಎದ್ದಿದ್ದೀಯಾ ಮೈನಾ?..."

ಚಾಪೆಯಿಂದ ಚಾಪೆಗೆ, ಮಲಗುವ ಸಾಲಿನ ಕ್ರಮದಲ್ಲೇ ಹೆಸರುಗಳು ಬರುತ್ತಿದ್ದವು. ಚಿಕ್ಕವರನ್ನೆಲ್ಲ ಮೈನಾ ಎಂದು ಕರೆಯುತ್ತಿದ್ದವಳು ಒಬ್ಬಳೇ, ಖಮರ್ ಬಾಜಿ. ಜೈನಾಬ್ ಮದರಸಾಕ್ಕೆ ಬಂದದ್ದೇ ಖಮರ್ ಹೋಗಿ ಎಷ್ಟೋ ತಿಂಗಳಾದ ಮೇಲೆ. ಅವಳು ಖಮರ್ ಮುಖವನ್ನೂ ಕಂಡಿರಲಿಲ್ಲ.

ಪಕ್ಕದವಳ ತುಟಿಗೆ ಕಿವಿಯಿಟ್ಟಳು. ಅದೇ ಮಾತು, ಅದೇ ಹೆಸರಿನ ಹತ್ತಿರ. ಸಾಲು ಮುಂದುವರಿದು, ಹಾಲ್‌ನ ಎಲ್ಲ ಬಾಯಿಗಳೂ ಒಟ್ಟಿಗೆ ಕೊನೆಯ ಚಾಪೆಗೆ ಬಂದವು.

"ಮಲ್ಕಾ, ನಿದ್ದೆ ಬಂತಾ ಮೈನಾ?"

ಬಾಯಿಗೆ ಬಂದ ಉತ್ತರವನ್ನು ಅವಳು ಕೈಯಿಂದ ಮುಚ್ಚಿಕೊಂಡಳು.

ಅಡುಗೆಮನೆಯಲ್ಲಿ ಅಕ್ಬರಿ ಖಾಲಾ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮದರಸಾ ಶುರುವಾದಾಗಿನಿಂದ ಅಲ್ಲಿ ಅಡುಗೆ ಮಾಡುತ್ತಿದ್ದವರು. ಮಲ್ಕಾ ಎದುರಿಗೆ ಕೂತು, ಪೀಠಿಕೆಯಿಲ್ಲದೆ ಕೇಳಿದಳು.

"ಖಾಲಾ, ಖಮರ್ ಬಾಜಿಗೆ ಏನಾಗಿತ್ತು?"

"ಕಾಮಾಲೆ ಅಲ್ವಾ?"

"ನಿಜ ಹೇಳಿ ಖಾಲಾ."

ಅಕ್ಬರಿ ಖಾಲಾ ಬಾಗಿಲ ಕಡೆ ನೋಡಿದರು. "ಕಾಮಾಲೆ ಎಲ್ಲಿಂದ ಬರ್ಬೇಕು? ಒಂದಿನ ಅಸರ್ ಹೊತ್ನಲ್ಲಿ, ಮಕ್ಕಳೆಲ್ಲ ಹೊರಗಿದ್ದಾಗ, ಕೂತೋಳು ಏಳ್ಲೇ ಇಲ್ಲ. ಇವ್ರ ಥರಾನೇ, ತೂಗ್ತಾ ತೂಗ್ತಾ. ನಾನೂ ಆಪಾನೂ ಎತ್ಕೊಂಡು ಹೋಗಿ ರೂಮಲ್ಲಿ ಮಲಗಿಸಿದ್ವಿ. ಬೆಳಗಾಗೋ ಹೊತ್ಗೆ ಅವಳ ಅಬ್ಬಾಗೆ ಹೇಳಿಕಳಿಸಿದ್ರು. ಯಾರಿಗೂ ಹೇಳ್ಬೇಡಿ ಅಂದ್ರು ಆಪಾ. ಗೊತ್ತಾದ್ರೆ ಎಲ್ಲ ಮಕ್ಕಳನ್ನೂ ಕರ್ಕೊಂಡು ಹೋಗ್ಬಿಡ್ತಾರೆ, ಮದರಸಾ ಮುಚ್ಚೇ ಹೋಗುತ್ತೆ ಅಂತ."

"ಅವ್ರ ಮನೆ ಎಲ್ಲಿ?"

"ಯಲಹಂಕ ಹತ್ರ, ಪುಟ್ಟೇನಹಳ್ಳಿ. ಕೆರೆ ಪಕ್ಕ. ಅವಳ ಅಬ್ಬಾ ಮೊಯಿನುದ್ದೀನ್ ಅಂತ, ಟೈಲರು."

"ನನ್ನ ಕರ್ಕೊಂಡು ಹೋಗಿ."

"ನಕ್ಕೋ ಬೇಟಿ! ಆಪಾಗೆ ಏನಂತ ಹೇಳ್ಲಿ?"

"ಹಲ್ಲುನೋವು ಅಂತ ಹೇಳಿ. ನಾನು ಇದುವರೆಗೂ ಏನೂ ಕೇಳಿಲ್ಲ. ಬಿಡ್ತಾರೆ."

ಆಪಾ ಬಿಟ್ಟರು. ಮರುದಿನ ಮಧ್ಯಾಹ್ನ ಇಬ್ಬರೂ ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತಿದರು. ಕಿಟಕಿಯಿಂದ ಬರುವ ಗಾಳಿಗೆ ಬುರ್ಖಾದ ಮುಸುಕು ಮುಖಕ್ಕೆ ಅಂಟುತ್ತಿತ್ತು. ದಾರಿಯುದ್ದಕ್ಕೂ ಮಲ್ಕಾ ಮುಂದಿನ ಸೀಟಿನ ಸರಳು ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಸ್ಸಿನ ಕುಲುಕಾಟ ಆ ಲಯಕ್ಕೆ ಹತ್ತಿಕೊಳ್ಳುವುದೆಂದು ಅವಳಿಗೆ ಭಯ.

ಪುಟ್ಟೇನಹಳ್ಳಿ ಕೆರೆಯ ಜಾಲಿಮರಗಳ ತುಂಬ ಬೆಳ್ಳಕ್ಕಿ ಕೂತಿದ್ದವು. ಏರಿಯ ಕೆಳಗಿನ ಎರಡು ಕೋಣೆಯ ಮನೆ. ಜಗಲಿಯಲ್ಲಿ ಹೊಲಿಗೆಯಂತ್ರ. ಮೊಯಿನುದ್ದೀನ್ ಸಾಹೇಬರು ಹುಡುಗಿಯನ್ನು ಕಂಡು ಮೊದಲು ಮುಖ ಗಂಟಿಕ್ಕಿದರು. "ಈಗ ನೆನಪಾಯ್ತಾ ನಿಮ್ಮ ಮದರಸಾಗೆ?" ಎಂದರು. ಆಮೇಲೆ ಒಳಗೆ ಕೈ ತೋರಿಸಿದರು.

ಖಮರ್ ಕಿಟಕಿಯ ಬೆಳಕಿಗೆ ಕೂತು ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ಸೊರಗಿದ್ದಳು. ಆದರೆ ಮಲ್ಕಾಳನ್ನು ಕಂಡೊಡನೆ ಎದ್ದು ತಬ್ಬಿಕೊಂಡಳು. ನಕ್ಕಳು. ಏನೇ ಇಷ್ಟುದ್ದ ಆಗಿದ್ದೀಯಾ ಎಂದಳು. ಬಾಯಿಪಾಠ ಎಲ್ಲಿಗೆ ಬಂತು ಎಂದು ಕೇಳಿದಳು. ಮಾಮೂಲಿ ಖಮರ್ ಬಾಜಿಯೇ. ಅವಳ ತಾಯಿ ಚಹಾ ತಂದುಕೊಟ್ಟು, ಅಕ್ಬರಿ ಖಾಲಾರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಹಗಲೆಲ್ಲ ಹಿಂಗೇ ಇರ್ತಾಳೆ. ಅಸರ್ ಆದ್ರೆ ಸಾಕು..."

ಅಷ್ಟರಲ್ಲಿ ಮಸೀದಿಯ ಕೂಗು ಕೇಳಿತು. ಖಮರ್ ಕೈಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮಾತಿನ ನಡುವೆಯೇ ಮುಖ ತಿರುಗಿಸಿ, ಗೋಡೆಗೆ ಎದುರಾಗಿ ಕೂತಳು. ತೂಗತೊಡಗಿದಳು.

ಹಿಂದಿನಿಂದ ಆ ಬೆನ್ನು ನೋಡಿದಾಗ ಮಲ್ಕಾಗೆ ಶಮೀಮಾ ಹೇಳಿದ್ದು ಅರ್ಥವಾಯಿತು. ಅಷ್ಟು ಸುಸ್ತಾದ ಬೆನ್ನನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಕೆಂಪಾಪುರದಲ್ಲಿ ಈ ಹೊತ್ತಿಗೆ ಚಾಪೆಗಳು ಸರಕ್ ಎನ್ನುತ್ತಿರುತ್ತವೆ. ಮಲ್ಕಾ ಎದ್ದು ಓಡಿಬಿಡಬೇಕು ಎಂದುಕೊಂಡಳು. ಓಡಲಿಲ್ಲ. ಖಮರ್‌ಗೂ ಗೋಡೆಗೂ ನಡುವಿನ ಸಣ್ಣ ಜಾಗದಲ್ಲಿ ನುಸುಳಿ, ಅವಳಿಗೆ ಮುಖ ಕೊಟ್ಟು ಕೂತಳು. ಖಮರ್ ಕಣ್ಣು ತೆರೆದೇ ಇದ್ದರೂ ಅವಳನ್ನು ಹಾದು ಎಲ್ಲೋ ನೋಡುತ್ತಿತ್ತು. ಹೆಸರುಗಳು ಬರುತ್ತಿದ್ದವು. ಶಮೀಮಾ. ಬಿಲ್ಕಿಸ್. ತಾನೆಂದೂ ಕಾಣದ ಜೈನಾಬ್. ಒಬ್ಬೊಬ್ಬರ ಹೆಸರಿನ ನಂತರ ಉತ್ತರಕ್ಕೆಂದು ಒಂದು ಕ್ಷಣ ಕಾಯುತ್ತಿದ್ದಳು. ಉತ್ತರ ಬಾರದೆ ಮುಂದಕ್ಕೆ ಹೋಗುತ್ತಿದ್ದಳು. ಸಾಲು ಮುಗಿದರೆ ಮತ್ತೆ ಮೊದಲಿನಿಂದ.

"ಮಲ್ಕಾ, ನಿದ್ದೆ ಬಂತಾ ಮೈನಾ?"

"ಇಲ್ಲ ಬಾಜಿ," ಎಂದಳು ಮಲ್ಕಾ. "ನನಗೆ ನಿದ್ದೆ ಬರ್ತಾ ಇಲ್ಲ."

ತೂಗಾಟ ನಿಂತಿತು. ಖಮರ್‌ಳ ಕಣ್ಣು ದೂರದಿಂದ ಹಿಂದೆ ಬಂದು ಮಲ್ಕಾಳ ಮುಖದ ಮೇಲೆ ಇಳಿಯಿತು.

"ಯಾಕೆ?"

ಆ ಒಂದು ಮಾತಿಗೆ ಮಲ್ಕಾಳೊಳಗೆ ಇಷ್ಟು ವರ್ಷ ಗಟ್ಟಿಯಾಗಿದ್ದದ್ದು ಒಡೆಯಿತು. ಅವಳು ಅತ್ತಳು. ಅಮ್ಮನಿಗೆ, ತಿರುಗಿ ನೋಡದೆ ಹೋದ ಅಬ್ಬಾಗೆ, ತನಗೆ ತಿಳಿಯದ ಎಷ್ಟೋ ಸಂಗತಿಗೆ ಅತ್ತಳು. ಅಳುತ್ತಲೇ ಹೇಳಿದಳು. ಎದೆ ಹಾರುವುದು, ಅನ್ನ ಗಂಟಲಿಗಿಳಿಯದಿರುವುದು, ತೂಗುವ ಮಕ್ಕಳ ನಡುವೆ ಕೂತುಬಿಡಬೇಕೆನಿಸುವುದು. ಖಮರ್ ಅವಳ ತಲೆ ಸವರುತ್ತಾ ಎಲ್ಲ ಕೇಳಿದಳು.

"ಆ ಮಕ್ಕಳನ್ನೆಲ್ಲ ಈಗ ನಾನು ನೋಡ್ಕೋತಿದ್ದೀನಿ ಬಾಜಿ," ಎಂದಳು ಮಲ್ಕಾ ಕೊನೆಗೆ. "ನೀವು ಹೋದ ಮಾರನೇ ದಿನಾನೇ ಆಪಾ ನನಗೆ ಒಪ್ಪಿಸಿದ್ರು. ನಿಮಗೆ ಯಾರೂ ಹೇಳ್ಲಿಲ್ವಾ?"

ಖಮರ್ ತಲೆ ಸವರುತ್ತಿದ್ದ ಕೈ ತೆಗೆದಳು.

"ಯಾರೂ ಹೇಳ್ಲಿಲ್ಲ," ಎಂದಳು. "ನನ್ನ ಆಟೋದಲ್ಲಿ ಕೂರಿಸಿದ್ರು. ಮಕ್ಕಳನ್ನ ಯಾರು ಮಲಗಿಸ್ತಾರೆ ಅಂತ ಕೇಳ್ದೆ. ಯಾರೂ ಹೇಳ್ಲಿಲ್ಲ."

"ಈಗ ನಾನು ಹೇಳ್ತಿದ್ದೀನಿ. ನನಗೆ ಕೊಡಿ."

ಆಗ ಖಮರ್ ಒಂದೊಂದಾಗಿ ಹೇಳಿದಳು. ಯಾರು ಕತ್ತಲೆಗೆ ಹೆದರುತ್ತಾಳೆ, ಯಾರು ಚಾದರ ಒದೆಯುತ್ತಾಳೆ, ಯಾರು ಬೆಲ್ಲ ಕದ್ದು ದಿಂಬಿನಡಿ ಇಡುತ್ತಾಳೆ. ಎಲ್ಲ ಮಲ್ಕಾಗೆ ಗೊತ್ತಿದ್ದದ್ದೇ. ಕೊನೆಗೆ, "ಆ ಹೊಸ ಹುಡುಗಿ ಜೈನಾಬ್," ಎಂದಳು, "ಅವಳಿಗೆ ಎಡಗಿವಿ ಕೇಳ್ಸಲ್ಲ. ಬಲಗಡೆಯಿಂದ ಕರಿ. ಪಾಪ, ಬೈಯಿಸ್ಕೊಳ್ತಾಳೆ."

ಮಲ್ಕಾ ತಲೆಯಾಡಿಸಿದಳು. ನಿಮಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ.

ಖಮರ್ ಅಲ್ಲೇ ನೆಲದ ಮೇಲೆ ಒರಗಿದಳು. ಮಗ್ರಿಬ್‌ಗೆ ಇನ್ನೂ ಹೊತ್ತಿರುವಾಗಲೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು, ಚಿಕ್ಕ ಮಕ್ಕಳ ಹಾಗೆ. ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗು ಬಾಯಿಗಿಟ್ಟುಕೊಂಡರು.

ಇಬ್ಬರೂ ಮದರಸಾಕ್ಕೆ ಮರಳಿದಾಗ ಕತ್ತಲಾಗುತ್ತಿತ್ತು. ಸಬೀರಾ ಆಪಾ ಗೇಟಿನ ಹತ್ತಿರವೇ ಕಾದಿದ್ದರು. "ನಿಲ್ಲಿಸಿಬಿಟ್ರು ಮಲ್ಕಾ!" ಎಂದರು. "ಅಸರ್ ಆದ ಸ್ವಲ್ಪ ಹೊತ್ತಿಗೇ. ಎಲ್ಲರೂ ಒಟ್ಟಿಗೆ. ಎದ್ದು ಹಸಿವು ಅಂದ್ರು."

ಜೈನಾಬ್ ಬಾವಿಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಮಲ್ಕಾ ಅವಳ ಎಡಕ್ಕೆ ಹೋಗಿ ಮೆಲ್ಲಗೆ ಹೆಸರು ಕರೆದಳು. ಹುಡುಗಿ ಅಲುಗಲಿಲ್ಲ. ಬಲಕ್ಕೆ ಬಂದು ಅಷ್ಟೇ ಮೆಲ್ಲಗೆ ಕರೆದಳು. "ಹೌ ಬಾಜಿ?" ಎಂದು ಜೈನಾಬ್ ತಿರುಗಿದಳು.

ಮಕ್ಕಳ ತೂಗಾಟ ಮತ್ತೆ ಬರಲಿಲ್ಲ. ಆದರೆ ಮರುದಿನ ಅಸರ್ ಹೊತ್ತಿಗೆ, ತೊಳೆದ ಪಾತ್ರೆ ಜೋಡಿಸುತ್ತಿದ್ದ ಮಲ್ಕಾಗೆ ತನ್ನ ತುಟಿ ಆಡುತ್ತಿರುವುದು ಗೊತ್ತಾಯಿತು. ಶಮೀಮಾ. ಬಿಲ್ಕಿಸ್. ಕೈಲಿದ್ದ ತಟ್ಟೆ ಹಿಂದಕ್ಕೆ, ಮುಂದಕ್ಕೆ. ಅವಳು ತಟ್ಟೆಯನ್ನು ಕೆಳಗಿಟ್ಟಳು. ತಾನು ಕೇಳಿ ಪಡೆದದ್ದು ಎಲ್ಲಿಗೂ ಹೋಗಿಲ್ಲ, ತನ್ನ ಹತ್ತಿರ ಬಂದಿದೆ ಎಂದು ತಿಳಿಯಿತು. ಕೈ ಒರೆಸಿಕೊಂಡು ನೇರವಾಗಿ ಆಪಾರ ಕೋಣೆಗೆ ಹೋದಳು. ಪುಟ್ಟೇನಹಳ್ಳಿಗೆ ಹೋದದ್ದನ್ನೂ ಹಲ್ಲುನೋವಿನ ಸುಳ್ಳನ್ನೂ ಹೇಳಿದಳು.

"ಆಪಾ, ಇದು ನನಗೊಬ್ಬಳಿಗೆ ಆಗಲ್ಲ."

"ನೀನೇ ಹಿಂಗಂದ್ರೆ?" ಎಂದರು ಆಪಾ. "ನಿನ್ನ ನಂಬಿಕೊಂಡು ಇದ್ದೀನಿ ನಾನು."

"ಖಮರ್ ಬಾಜಿನೂ ನಿಮ್ಮ ಹತ್ರ ಹಿಂಗೇ ಬಂದಿದ್ರಾ?"

ಹೊರಗೆ ಮಕ್ಕಳು ನೀರು ಸೇದುವ ರಾಟೆಯ ಸದ್ದು. ಆಪಾ ಕನ್ನಡಕ ತೆಗೆದು ಓಢಣಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಬಂದಿದ್ಲು," ಎಂದರು. "ರಂಜಾನ್ ಕಳೀಲಿ ಅಂದೆ. ದೊಡ್ಡ ಹುಡುಗಿ, ತಡ್ಕೋತಾಳೆ ಅಂದ್ಕೊಂಡೆ. ಹೆಣ್ಣುಮಕ್ಕಳನ್ನ ಇಟ್ಕೊಂಡು ಕೂತಿದ್ದಾಳೆ, ಇವತ್ತೋ ನಾಳೆನೋ ಮುಚ್ಚುತ್ತೆ ಅಂತ ಊರೆಲ್ಲ ಕಾಯ್ತಿತ್ತು ಮಲ್ಕಾ. ಒಬ್ಬಳು ಅತ್ತರೂ ಗೋಡೆ ಆಚೆ ಕೇಳುತ್ತೆ ಅಂತ ನನಗೆ ಹೆದರಿಕೆ."

"ಅಳಲಿ ಬಿಡಿ ಆಪಾ. ಕೇಳಿದ್ರೆ ಕೇಳಲಿ."

ಒಪ್ಪಲು ಆಪಾಗೆ ಸುಲಭವಾಗಲಿಲ್ಲ. ಎರಡು ದಿನ ಅವರು ಮಲ್ಕಾಳ ಜೊತೆ ಮಾತಾಡಲಿಲ್ಲ. ಆ ಎರಡೂ ಸಂಜೆ ಮಲ್ಕಾ, ದೊಡ್ಡ ಹುಡುಗಿಯರಲ್ಲೊಬ್ಬಳಾದ ಬಿಲ್ಕಿಸ್‌ಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು. "ನಾನು ತೂಗಿದ್ರೆ ಚಿವುಟು," ಎಂದು ಹೇಳಿಟ್ಟಿದ್ದಳು. ಬಿಲ್ಕಿಸ್ ಚಿವುಟಿದಳು ಕೂಡ. ಶುಕ್ರವಾರದ ನಮಾಜಿನ ನಂತರ ಆಪಾ ದೊಡ್ಡ ಹುಡುಗಿಯರನ್ನೆಲ್ಲ ಕೂರಿಸಿಕೊಂಡು, ಇನ್ನು ಮೇಲೆ ಇಬ್ಬಿಬ್ಬರಂತೆ ಜಿಮ್ಮೇದಾರ್, ತಿಂಗಳಿಗೊಮ್ಮೆ ಬದಲಾವಣೆ ಎಂದರು. ಬದಲಾಗುವಾಗ ಬಿಟ್ಟುಕೊಡುವವಳು ಎಲ್ಲರೆದುರು "ತಗೋ" ಎನ್ನಬೇಕು, ಬರುವವಳು "ತಗೊಂಡೆ" ಎನ್ನಬೇಕು. ಆ ಕೊನೆಯ ಮಾತು ಮ‌ಲ್ಕಾ ಸೇರಿಸಿದ್ದು. ಕೆಲವರಿಗೆ ನಗು ಬಂತು. ಮಲ್ಕಾ ನಗಲಿಲ್ಲ. ತನ್ನ ಸರದಿ ಬಂದಾಗ ಅವಳು "ತಗೋ" ಎಂದಳು. ಎದುರಿನ ಇಬ್ಬರೂ "ತಗೊಂಡ್ವಿ" ಎಂದ ಗಳಿಗೆಯಲ್ಲಿ ಬೆನ್ನಿನಿಂದ ಒದ್ದೆ ಕಂಬಳಿ ಜಾರಿದಂತಾಯಿತು. ಅಂದು ಊಟಕ್ಕೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಖಮರ್ ಸುಧಾರಿಸಿಕೊಂಡಳು. ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಮಗ್ಗದವರ ಮನೆಗೆ ಮದುವೆಯಾಗಿ ಹೋದಳು. ಜೈನಾಬ್‌ಳನ್ನು ಆಪಾ ತಾವೇ ಕಿವಿಯ ಡಾಕ್ಟರಿಗೆ ತೋರಿಸಿ, ಮೊದಲ ಸಾಲಿನ ಎಡ ತುದಿಯಲ್ಲಿ ಕೂರಿಸಿದರು. ಮುನಿಗಂಗಮ್ಮ ಮತ್ತೆ ಸಂಜೆಯ ಹೊತ್ತು ಬಳ್ಳಿ ಕಟ್ಟಲು ಬರತೊಡಗಿದಳು.

ಹಣ್ಣು ಕೊಯ್ಲು ಮುಗಿದು ಚಪ್ಪರಗಳು ಬೋಳಾಗಿದ್ದ ಒಂದು ಶುಕ್ರವಾರ. ಪಾಠ ಇರಲಿಲ್ಲ, ಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಅಸರ್ ಹತ್ತಿರವಾಯಿತೆಂದು ಮಲ್ಕಾ ಚಾಪೆ ತರಲು ಹಾಲ್‌ಗೆ ಹೋದಳು. ಬಾಗಿಲಲ್ಲೇ ಕಾಲು ನಿಂತಿತು.

ಸರಕ್. ಸುಮ್ಮನೆ. ಸರಕ್.

ಖಾಲಿ ಹಾಲ್‌ನ ಕೊನೆಯಲ್ಲಿ, ಗೋಡೆಗೆ ಎದುರಾಗಿ ಸಬೀರಾ ಆಪಾ ಒಬ್ಬರೇ ಕೂತು ತೂಗುತ್ತಿದ್ದರು.

ಹಿಂದಕ್ಕೆ ಸರಿದು ಅಕ್ಬರಿ ಖಾಲಾರನ್ನು ಕರೆಯಬೇಕೆಂದು ಮೊದಲು ಅನ್ನಿಸಿತು. ಆಪಾರನ್ನು ಹೀಗೆ ನೋಡುವುದೇ ತಪ್ಪೇನೋ. ಹೊರಗೆ ಯಾರೋ ಗೆದ್ದು ಕಿರುಚಿಕೊಂಡರು. ಮಲ್ಕಾ ಕಿಟಕಿಯ ಹತ್ತಿರ ಹೋಗಿ, ಆ ತಿಂಗಳ ಜಿಮ್ಮೇದಾರ್ ಬಿಲ್ಕಿಸ್‌ಗೆ, "ಮಕ್ಕಳನ್ನ ನಮಾಜಿಗೆ ಹೊರಗೇ ನಿಲ್ಲಿಸ್ಕೋ. ಒಳಗೆ ಯಾರೂ ಬರೋದು ಬೇಡ," ಎಂದು ಹೇಳಿ ಬಂದಳು. ಆಮೇಲೆ ಸದ್ದಾಗದಂತೆ ಹೆಜ್ಜೆಯಿಟ್ಟು, ಆಪಾರಿಗೂ ಗೋಡೆಗೂ ನಡುವೆ ಕೂತಳು.

ಆಪಾರ ತುಟಿಯಲ್ಲಿ ಹೆಸರುಗಳಿದ್ದವು. ಈಗಿನ ಮಕ್ಕಳವಲ್ಲ. ಮಲ್ಕಾ ಎಂದೂ ಕೇಳದ ಹೆಸರುಗಳು, ಅವಳು ಬರುವ ಮೊದಲೇ ಈ ಬಂಗಲೆಯಿಂದ ಹೋದ ಹುಡುಗಿಯರು. ರಹಮತ್‌ಬೀ, ಗಂಡನ ಮನೇಲಿ ಓದೋಕೆ ಬಿಟ್ರಾ? ಮಹಬೂಬಿ, ಜ್ವರ ಇಳೀತಾ? ಒಂದೊಂದಕ್ಕೂ ಉತ್ತರಕ್ಕೆಂದು ಒಂದು ಕ್ಷಣ ಬಿಡುವು. ಮತ್ತೆ ಮುಂದಿನದು.

"ಖಮರುನ್ನಿಸಾ, ಅಬ್ಬಾ ಮನೆಗೆ ಜೋಪಾನವಾಗಿ ಕರ್ಕೊಂಡು ಹೋದ್ರಾ?"

"ಹೋದ್ರು ಆಪಾ," ಎಂದಳು ಮಲ್ಕಾ. "ಈಗ ಚೆನ್ನಾಗಿದ್ದಾರೆ."

ಆಪಾ ನಿಧಾನವಾದರು. ಪೂರ್ತಿ ನಿಲ್ಲಲಿಲ್ಲ. ಕನ್ನಡಕದ ಹಿಂದಿನ ಕಣ್ಣುಗಳು ಎದುರಿಗಿದ್ದವಳನ್ನು ಹುಡುಕುತ್ತಿದ್ದವು.

"ಮಹಬೂಬಿ?" ಎಂದರು.

"ಮಹಬೂಬಿ ನನಗೆ ಗೊತ್ತಿಲ್ಲ ಆಪಾ," ಎಂದು ಮಲ್ಕಾ ಅವರ ಎರಡೂ ಕೈ ಹಿಡಿದುಕೊಂಡಳು. "ಯಾರವಳು? ಹೇಳಿ, ಕೇಳ್ತೀನಿ."

ಅಂಗಳದಲ್ಲಿ ಬಿಲ್ಕಿಸ್ ಮಕ್ಕಳನ್ನು ಸಾಲಿಗೆ ನಿಲ್ಲಿಸುತ್ತಿದ್ದಳು. ಆಪಾ ಉಸಿರೆಳೆದುಕೊಂಡು, ತೊದಲುತ್ತಾ, ಹೇಳತೊಡಗಿದರು.